ಗುಡ್ಡಕ್ಕೆ ಹೊಲಿದ ಕೌದಿಗಳು

ನಮ್ಮೂರಲ್ಲಿ ಹೊಸ್ತಿಲೊಳಗೆ ಆಡಿದ ಮಾತು ಎದುರಿಗಿದ್ದವರಿಗೆ ಆಗಲೇ ಕೇಳುತ್ತದೆ. ಹೊಸ್ತಿಲು ದಾಟಿದ ಮಾತು ಮಾತ್ರ ಮೊದಲು ಗುಡ್ಡಕ್ಕೆ ಹೋಗುತ್ತದೆ. ಅಲ್ಲಿಯ ಕಲ್ಲಿಗೆ ಬಡಿದು, ಯಾರ ಹೆಸರು ಹಿಡಿದು ಕೂಗಿದ್ದೆವೋ ಅವರ ಕಿವಿಗೆ ಬಂದು ಬೀಳುತ್ತದೆ. ಪಕ್ಕದಲ್ಲೇ ನಿಂತವರಿಗೂ ಅದು ಕೇಳುವುದಿಲ್ಲ. ಬೀದಿಯಲ್ಲಿ ಮೆಂತ್ಯದ ಸೊಪ್ಪು ಹೇಗೆ ಕೊಟ್ಟೆ ಎಂದು ಕೇಳಿದರೂ ಆ ಮಾತು ಗುಡ್ಡ ಮುಟ್ಟಿ ಬಂದೇ ಸೊಪ್ಪಿನವಳನ್ನು ಸೇರಬೇಕು. ಅಷ್ಟಕ್ಕೆ ರೆಪ್ಪೆ ಬಡಿಯುವಷ್ಟು ಹೊತ್ತು ಹಿಡಿಯುತ್ತಿತ್ತು, ಹಾಗಾಗಿ ಯಾರೂ ಅದರ ಬಗ್ಗೆ ಯೋಚನೆ ಮಾಡಿದವರಲ್ಲ. ಗುಡ್ಡಕ್ಕೆ ಸಾವುಕಾರನ ಮಾತೂ ಒಂದೇ, ಬಟ್ಟೆ ಒಗೆಯುವವಳ ಮಾತೂ ಒಂದೇ. ಮೊದಲು ಬಂದದ್ದನ್ನು ಮೊದಲು ಕಳಿಸುತ್ತಿತ್ತು.

ನನ್ನ ಹೆಸರು ಬಾಳವ್ವ. ಹಳೆಯ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಹೊದೆಯುವ ಕೌದಿ ಹೊಲಿಯುವುದು ನನ್ನ ಕೆಲಸ. ನನ್ನ ಅಕ್ಕ ಕಾಶವ್ವನನ್ನು ಕೊಳ್ಳದ ಆಚೆಯ ಓಣಿಗೆ ಕೊಟ್ಟಿದ್ದಾರೆ, ನನ್ನನ್ನು ಈಚೆಯ ಓಣಿಗೆ. ಇಬ್ಬರೂ ಒಂದೇ ಊರಲ್ಲಿ ಇರುತ್ತಾರೆ, ದಿನಾ ಮುಖ ನೋಡಬಹುದು ಎಂದು ಅಪ್ಪ ಹಿಗ್ಗಿದ್ದ. ಕೊಳ್ಳ ಸುತ್ತಿ ಹೋಗಲು ಅರ್ಧ ದಿನ ಬೇಕು ಎನ್ನುವುದು ಅವನ ನೆನಪಿಗೆ ಬಂದದ್ದು ದಿಬ್ಬಣ ಹೊರಟ ಮೇಲೆ. ಅಪ್ಪ ಅವ್ವ ಹೋದರು, ನಡುಓಣಿಯಲ್ಲಿದ್ದ ಅವರ ಮನೆಯೂ ಹೋಯಿತು. ಈಗ ಅವಳ ತವರು ಎಂದರೆ ನಾನು, ನನ್ನ ತವರು ಎಂದರೆ ಅವಳು. ಇಪ್ಪತ್ತಾರು ವರ್ಷ, ದಿನಾ ಹನ್ನೊಂದು ಗಂಟೆಗೆ, ಅಡಿಗೆ ಇಳಿಸಿ ಹಿತ್ತಲ ಬಾಗಿಲಲ್ಲಿ ನಿಂತು ಒಬ್ಬರನ್ನೊಬ್ಬರು ಕೂಗಿಕೊಂಡಿದ್ದೇವೆ. ಮೂರು ಮಾತು ಬದನೆಕಾಯಿಯದು, ನಾಲ್ಕನೆಯದು ಮನಸ್ಸಿನದು.

ಅಕ್ಕನ ಓಣಿಯಲ್ಲಿ ಒಂದು ಪದ್ಧತಿ ಇದೆ. ಮನೆಯಲ್ಲಿ ದೊಡ್ಡ ವಿಷಯ ತೀರ್ಮಾನಕ್ಕೆ ಬಂದಾಗ ಸೊಸೆ ಹಂಚಿನ ಮೇಲೆ ಒಂದು ಜೋಳದ ರೊಟ್ಟಿ ಹಾಕಿ, ಮೇಲೆ ನೀರು ಸವರಿ, ಹಿತ್ತಲ ಬಾಗಿಲಿಗೆ ಬಂದು ತವರಿನವರನ್ನು ಒಂದು ಸಲ ಕೂಗುತ್ತಾಳೆ. ರೊಟ್ಟಿಯ ಮೇಲಿನ ನೀರು ಆರುವುದರೊಳಗೆ ತವರಿನಿಂದ 'ಓ' ಬಂದರೆ ಅವಳು ರೊಟ್ಟಿ ತಿರುವಿ ಹಾಕುತ್ತಾಳೆ. ಆಮೇಲೆ ಅವಳು ಆಡುವುದು ಆ ಮನೆಯಲ್ಲಿ ಒಂದು ಮಾತು. ಬರದಿದ್ದರೆ ಅವಳು ಆಡುವುದು ಬರೀ ಸದ್ದು. ಮಗಳ ಮದುವೆಯ ವಿಷಯದಲ್ಲಂತೂ ತಾಯಿ ಬೇಡ ಎಂದರೆ ಆ ಸಂಬಂಧ ಅಲ್ಲಿಗೇ ಮುಗಿಯಿತು. ಆದರೆ ಆ 'ಬೇಡ'ಕ್ಕೂ ತವರಿನ ಓ ಬೇಕು.

ಗುಡ್ಡದ ಮೈ ಉಜ್ಜುವುದು ಮೊದಲು ಊರಿನ ಕೆಲಸವಾಗಿತ್ತು, ಓಣಿಗೆ ಒಂದು ದಿನದಂತೆ. ಬರಬರುತ್ತ ಎಲ್ಲರಿಗೂ ಆ ದಿನವೇ ಸೊಂಟನೋವು ಬರತೊಡಗಿತು. ಕಲ್ಲಿನ ಮೇಲೆ ಹಾವಸೆ ಬೆಳೆಯಿತು, ಕಣಜ ಗೂಡು ಕಟ್ಟಿತು, ಮಾತಿನ ಜೊತೆ ಗುಂಯ್ ಎನ್ನುವ ಸದ್ದು ಬರತೊಡಗಿತು. ಆಗ ಅಡಿವೆಪ್ಪ ಸಾವುಕಾರ ಮುಂದೆ ಬಂದು ಗುಡ್ಡದ ಗುತ್ತಿಗೆ ಹಿಡಿದ. ಇಲ್ಲದ್ದನ್ನು ಹೇಳಬಾರದು, ಚೆನ್ನಾಗಿಯೇ ಮಾಡಿಸಿದ. ಅವನ ಆಳುಗಳು ಹಗ್ಗಕ್ಕೆ ಜೋತುಬಿದ್ದು ತೆಂಗಿನ ನಾರಿನಿಂದ ಉಜ್ಜಿದರು. ಅದಾದ ಮೇಲೆ ಅಕ್ಕನ ಮಾತಿನ ಜೊತೆ ಅವಳ ಬಳೆಯ ಸದ್ದೂ ಕೇಳತೊಡಗಿತು. ಓಣಿಯಲ್ಲಿ ಅವನನ್ನು ಮೊದಲು ಹೊಗಳಿದವಳು ನಾನೇ.

ಒಂದು ದಿನ ಅವನ ಆಳು ದುಂಡಪ್ಪ ನಮ್ಮ ಮನೆಗೆ ಬಂದು ಹೊಸ್ತಿಲೊಳಗೆ ಕಾಲಿಟ್ಟು, "ಯವ್ವಾ, ಎಂಬತ್ನಾಕು ಕೌದಿ ಬೇಕಾಗ್ಯಾವ. ದೊಡ್ಡಾವು" ಎಂದ.

"ಇಷ್ಟ್ಯಾಕೋ ಯಪ್ಪಾ? ಸಾವಕಾರ್ರ ಮನ್ಯಾಗ ಲಗ್ನ ಐತೇನು?"

"ಲಗ್ನ ಅಲ್ಲ. ಉಜ್ಜಿ ಉಜ್ಜಿ ಗುಡ್ಡದ ಮೈ ತೆಳ್ಳಗಾಗೇತಿ. ಥಂಡಿ ಹತ್ತತೈತಿ ಅದಕ್ಕ."

ನಗಬೇಡಿ, ನಾನು ನಂಬಿದೆ. ಹುಟ್ಟಿದಾಗಿನಿಂದ ನನ್ನ ಮಾತು ಹೊತ್ತು ತಂದ ಗುಡ್ಡ. ನಾನು ಅಕ್ಕನಿಗೆ ಹೇಳಿಕೊಂಡು ಅತ್ತದ್ದೆಲ್ಲ ಮೊದಲು ಅದರ ಮೈಗೆ ತಾಕಿದ್ದು. ಅದಕ್ಕೂ ಥಂಡಿ ಹತ್ತುತ್ತದೆ ಎಂದು ಯಾರೋ ಒಬ್ಬರಿಗಾದರೂ ಹೊಳೆಯಿತಲ್ಲ ಎಂದು ಕಣ್ಣಲ್ಲಿ ನೀರು ಬಂತು. ಸಾಧಾರಣವಾಗಿ ಕೌದಿಗೆ ನಾಲ್ಕು ಪದರ ಸಾಕು, ನಾನು ಆರು ಹಾಕಿದೆ. ಅವ್ವನ ಹಳೆಯ ಎರಡು ಸೀರೆ ಪೆಟ್ಟಿಗೆಯಲ್ಲಿದ್ದವು, ಅವನ್ನೂ ಒಳಗಿಟ್ಟು ಹೊಲಿದೆ. ಚಳಿಗಾಲ ಪೂರ್ತಿ ಹೊಲಿದೆ. ಬೆರಳಿನ ತುದಿ ಜಲ್ಲಡಿಯಾಯಿತು.

ಕೌದಿಗಳನ್ನು ಕಲ್ಲಿನ ಮುಖಕ್ಕೆ ಇಳಿಬಿಟ್ಟರು. ನಡುವೆ ಒಂದು ಪಟ್ಟಿಯಷ್ಟು ಜಾಗವನ್ನು ಮಾತ್ರ ಬರೀ ಕಲ್ಲಾಗಿಯೇ ಬಿಟ್ಟರು. ಆ ಪಟ್ಟಿಯ ಬಾಯಿಗೆ ಒಂದು ಕೌದಿಯನ್ನು ಪರದೆಯಂತೆ ಕಟ್ಟಿ ದುಂಡಪ್ಪನನ್ನು ನಿಲ್ಲಿಸಿದರು. ಅಂಗೈ ಕಲ್ಲಿಗಿಟ್ಟರೆ ಬರುವ ಮಾತು ಯಾರದು, ಅದರ ಮೊದಲ ಮೂರು ಪದ ಏನು ಎಂದು ಅವನಿಗೆ ತಿಳಿಯುತ್ತಿತ್ತು. ದುಡ್ಡು ಕೊಟ್ಟು ಸಾವುಕಾರನ ಚೀಟಿ ತೆಗೆದುಕೊಂಡವರ ಮಾತು ಬಂದರೆ ಪರದೆ ಸರಿಸುತ್ತಿದ್ದ. ಅದು ಬರೀ ಕಲ್ಲಿಗೆ ಬಡಿದು ಹಾರಿ ಬರುತ್ತಿತ್ತು. ಉಳಿದವರ ಮಾತು ಕೌದಿಯೊಳಗೆ ಇಂಗಿ, ಆರು ಪದರ ದಾಟಿ, ಕಲ್ಲು ಮುಟ್ಟಿ, ಮತ್ತೆ ಆರು ಪದರ ದಾಟಿ ಬರಬೇಕು. ಮೊದಲು ಒಂದು ತಾಸು ತಡವಾಯಿತು. ಕೌದಿಯ ಮೇಲೆ ಕೌದಿ ಹಾಕಿದಂತೆಲ್ಲ ಅರ್ಧ ದಿನವಾಯಿತು, ಆಮೇಲೆ ಎರಡು ದಿನ.

ಜನ ಹೊಂದಿಕೊಂಡರು. ಜನ ಯಾವುದಕ್ಕೆ ಹೊಂದಿಕೊಳ್ಳುವುದಿಲ್ಲ ಹೇಳಿ. ಸೊಪ್ಪಿನವಳು ಮೊನ್ನೆ ಕೇಳಿದವರಿಗೆ ಇವತ್ತು ಸೊಪ್ಪು ಕೊಡತೊಡಗಿದಳು. ಬೀದಿಯಲ್ಲಿ ಎದುರಾದವರು ಹತ್ತಿರದ ಮನೆಯ ಬಾಗಿಲು ತಟ್ಟಿ, ಬಾಗಿಲು ತೆರೆದ ಮೇಲೆ ಒಳಗೆ ಬಂದು, "ನಿಮ್ಮ ಹೊಸ್ತಿಲೊಳಗ ಒಂದು ಮಾತಾಡ್ಕೊಂಡು ಹೋಗ್ತೀವ್ರಿ" ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ ಒಂದೇ ದಿನ ಇಬ್ಬರು ದಲ್ಲಾಳಿಗಳು ಎಮ್ಮೆ ವ್ಯಾಪಾರ ಮುಗಿಸಿದರು, ಒಬ್ಬ ತನ್ನ ಷಡ್ಡಕನನ್ನು ಬೈದುಹೋದ. ಹಿಂದಿನ ಮನೆಯವರು "ಬಾಳವ್ವಾ, ಹಾವು! ಹಾವು!" ಎಂದು ಕೂಗಿದ್ದು ನನಗೆ ಕೇಳಿ ನಾನು ಕೋಲು ಹಿಡಿದು ಓಡಿದರೆ, ಅವರು ಆ ಹಾವಿಗೆ ಹಾಲೆರೆದು ಪೂಜೆ ಮುಗಿಸಿ ಪ್ರಸಾದ ಹಂಚುತ್ತಿದ್ದರು. ನಮ್ಮನೆಯವರಿಗಂತೂ ಈ ಏರ್ಪಾಟು ಹಿಡಿಸಿಬಿಟ್ಟಿತ್ತು. "ಹೊಲದಾಗಿದ್ದಾಗ ನೀ ಕರದದ್ದು ನಾಳಿದ್ದು ಕೇಳತೈತಿ. ಅಷ್ಟೊತ್ತಿಗೆ ನಿನಗ ಸಿಟ್ಟ ಇಳದಿರತೈತಿ" ಎಂದು ನಗುತ್ತಿದ್ದರು. ಅವರಿಗೆ ನಾಲ್ಕನೆಯ ಮಾತು ಎನ್ನುವುದು ಇರಲೇ ಇಲ್ಲ, ಹೀಗಾಗಿ ಕಳೆದುಕೊಂಡದ್ದೂ ಏನಿಲ್ಲ.

ನನಗೆ ಹಾಗಲ್ಲ. ಅಕ್ಕನ ಮಗಳು ವನಮಾಲಾ ದವಾಖಾನೆಯಲ್ಲಿ ನರ್ಸ್ ಕೆಲಸ ಕಲಿಯುತ್ತಿದ್ದಳು, ಮುಗಿಯಲು ಇನ್ನೊಂದು ವರ್ಷ ಇತ್ತು. ಅಕ್ಕನ ಮೈದುನ ಬಸಲಿಂಗ ಅವಳಿಗೆ ಎಣ್ಣೆ ಗಾಣದವರ ಮನೆಯ ಸಂಬಂಧ ನೋಡಿದ್ದ. ಹುಡುಗನಿಗೆ ಎರಡು ಎಮ್ಮೆ, ನಾಲ್ಕು ಎಮ್ಮೆಯಷ್ಟು ಸಿಟ್ಟು. ಮದುವೆಯಾದ ಮೇಲೆ ದವಾಖಾನೆ ಇಲ್ಲ ಎಂದು ಮೊದಲೇ ಹೇಳಿದ್ದರು. ಭಾವ ಯಾರು ಕೊನೆಗೆ ಮಾತಾಡಿದರೋ ಅವರ ಕಡೆ ತಲೆ ಆಡಿಸುವ ಮನುಷ್ಯ. ಅಕ್ಕನೊಬ್ಬಳೇ ಬೇಡ ಎನ್ನುವವಳು. "ಗೊತ್ತು ಮಾಡಾಕ ಬರೋ ದಿನ ನಾ ರೊಟ್ಟಿ ಹಾಕ್ತೀನಿ, ನೀ ಓ ಅಂದ್ಬಿಡು ಬಾಳಾ. ಮುಂದಿಂದು ನಾ ನೋಡ್ಕೋತೀನಿ" ಎಂದು ಅವಳು ಹೇಳಿದ್ದು ಕೌದಿಗಳ ಮೊದಲು. ಈಗ ರೊಟ್ಟಿಯ ಮೇಲಿನ ನೀರು ಆರುವುದರೊಳಗೆ ನನ್ನ ಓ ಇನ್ನೂ ಮೊದಲ ಪದರದಲ್ಲೇ ಇರುತ್ತದೆ.

ಊರಲ್ಲಿ ಗೊಣಗಾಟ ಹೆಚ್ಚಾಗಿ ಒಂದು ಸೋಮವಾರ ಚಾವಡಿಯಲ್ಲಿ ಸಭೆ ಸೇರಿತು. ಚಾವಡಿಗೆ ಗೋಡೆಯಿಲ್ಲ, ಹೊಸ್ತಿಲಿಲ್ಲ. ಆಡಿದ್ದೆಲ್ಲ ಗುಡ್ಡದ ಮೇಲಿಂದಲೇ ಬರಬೇಕು. ಅಷ್ಟು ಜನ ಹಿಡಿಸುವ ಹೊಸ್ತಿಲು ಊರಲ್ಲಿ ಇದ್ದದ್ದು ಸಾವುಕಾರನ ಮನೆಯದೊಂದೇ. ಅಡಿವೆಪ್ಪ ಎದ್ದು ನಿಂತು 'ಊರವರೇ' ಎಂದ. ಅವನ ಮಾತು ಬರೀ ಕಲ್ಲಿನಿಂದ ಟಣ್ ಎಂದು ಬಂತು.

"ಗುಡ್ಡ ಊರಂದು ಅಂತೀರಿ. ನಾ ಇಲ್ಲ ಅಂದೆನೇನು? ಕಲ್ಲು ನಂದಲ್ರಿ. ಕಲ್ಲಿನ ಮ್ಯಾಲಿನ ಸ್ವಚ್ಛ ನಂದು. ನಿಮ್ಮ ಮಾತು ಬಡಿಯೂದು ಕಲ್ಲಿಗಲ್ಲ, ನನ್ನ ಸ್ವಚ್ಛಕ್ಕ. ಇನ್ನ ಊರಾಗ ಡೇರೆ ಹಾಕ್ಯಾರಲ್ಲ, ಆ ನಾಟಕ ಕಂಪನಿಯವರು. ದಿನಾ ಸಾವಿರ ಸಲ 'ಬರ್ರಿ, ನೋಡ್ರಿ, ಅಳ್ರಿ' ಅಂತ ಒದರ್ತಾರ. ಪಾಪ ಒಬ್ಬಾಕಿ ತಾಯಿ ಮಗನ್ನ ಊಟಕ್ಕ ಕರೀಬೇಕಂದ್ರ ಅವರ ಒದರಾಟದ ಹಿಂದ ನಿಂದ್ರಬೇಕು. ಹಿಂಗಾಗಿ ನಾ ಒಂದು ಶಿಸ್ತು ತಂದೀನಿ, ಅಷ್ಟ. ಬಡವರಿಗೆ ಅಂತ ಇವತ್ತಿಂದ ಒಂದು ಸವಲತ್ತೂ ಕೊಡ್ತೀನಿ. ನನ್ನ ಅಂಗಡಿ ಬೆಲ್ಲದ ಸುದ್ದಿ ಯಾರ ಮಾತಾಡ್ಲಿ, ಚೀಟಿ ಇಲ್ಲದ, ಪುಕ್ಕಟೆ, ಬರೀ ಕಲ್ಲಿನ ಮ್ಯಾಲ!"

ಅರ್ಧ ಜನ ಚಪ್ಪಾಳೆ ತಟ್ಟಿದರು. ಪುಕ್ಕಟೆ ಎನ್ನುವ ಪದಕ್ಕೆ ನಮ್ಮೂರಲ್ಲಿ ಕೈ ತಾನಾಗಿ ತಟ್ಟುತ್ತದೆ. ಆಗ ಶಾಲೆಯಲ್ಲಿ ಪಾಠ ಹೇಳುವ ಮಂದಾಕಿನಿ ಅಕ್ಕೋರು ಎದ್ದರು. ಅವರು ಬಾಯಿ ತೆರೆದದ್ದು ಕಂಡಿತು. ಕೈ ಎತ್ತಿದರು, ಗುಡ್ಡದ ಕಡೆ ಬೆರಳು ಮಾಡಿದರು, ಕಣ್ಣು ಕೆಂಪಾಯಿತು, ಕೊನೆಗೆ ಸೆರಗಿನಿಂದ ಮುಖ ಒರೆಸಿಕೊಂಡು ಕೂತರು. ಒಂದು ಪದವೂ ಯಾರಿಗೂ ಮುಟ್ಟಲಿಲ್ಲ. "ಅಕ್ಕೋರು ಏನೂ ಹೇಳಾಂಗಿಲ್ಲಂತ" ಎಂದ ಅಡಿವೆಪ್ಪ. ಅದು ಟಣ್ ಎಂದು ಕೇಳಿತು. ಕೈ ಎತ್ತಿಸಿದರು. ಅಡಿವೆಪ್ಪನ ಶಿಸ್ತು ಗೆದ್ದಿತು.

ಬುಧವಾರ ನಾನು ಹಿತ್ತಲ ಬಾಗಿಲಲ್ಲಿ ಕೂತು ಬದನೆಕಾಯಿ ಹೆಚ್ಚುತ್ತಿದ್ದೆ. ಅಕ್ಕೋರ ಮಾತು ಬಂತು. "ಊರವರೇ, ಗುಡ್ಡ ಯಾರು ಕೂಗಿದ್ರು, ಏನು ಕೂಗಿದ್ರು ಅಂತ ನೋಡಬಾರದು. ನೋಡೋದಕ್ಕ ಶುರು ಮಾಡಿದ್ರ ಅದು ಗುಡ್ಡ ಅಲ್ಲ, ಪಹರೆದವ. ನಾಟಕದವರು ಹೆಚ್ಚು ಒದರಿದ್ರ ಅವರಿಗೊಂದು ಹೊತ್ತು ಗೊತ್ತು ಮಾಡೋಣ, ಆದ್ರ ಎಲ್ಲಾರಿಗೂ ಅದ ನಿಯಮ ಇರಲಿ. ಇವತ್ತು ಇವರು ಬೆಲ್ಲದ ಮಾತಿಗೆ ದಾರಿ ಬಿಟ್ಟರು. ನಾಳೆ ಇವರ ಮ್ಯಾಲಿನ ತಕರಾರಿಗೆ ದಾರಿ ಕಟ್ಟಿದ್ರ ಆ ತಕರಾರು ಎಲ್ಲಿ ನಿಂತು ಹೇಳ್ತೀರಿ?" ನಾನು ಈಳಿಗೆಯ ಮುಂದೆ ಕೂತಲ್ಲೇ, ಅರ್ಧ ಬದನೆಕಾಯಿ ಹಿಡಿದ ಕೈ ಮೇಲೆತ್ತಿದೆ. ಊರಲ್ಲಿ ಆಗ ಎಷ್ಟು ಅಡಿಗೆಮನೆಗಳಲ್ಲಿ ಎಷ್ಟು ಕೈ ಎದ್ದವೋ. ಎಣಿಸುವವರು ಯಾರೂ ಇರಲಿಲ್ಲ.

ಬೆಲ್ಲದ ಸವಲತ್ತನ್ನು ಮೊದಲು ಅರ್ಥ ಮಾಡಿಕೊಂಡವರು ಹೆಂಗಸರು. ದುಂಡಪ್ಪನ ಅಂಗೈಗೆ ತಿಳಿಯುವುದು ಮೂರೇ ಪದ. ಹೆಸರು ಕೂಗಿ, 'ಅಡಿವೆಪ್ಪನ ಬೆಲ್ಲ' ಎಂದುಬಿಟ್ಟರೆ ಪರದೆ ಸರಿಯಿತು. ಹಿಂದಿನದೆಲ್ಲ ಅದರ ಬೆನ್ನಿಗೆ ನುಸುಳಿ ಹೋಗುತ್ತದೆ. "ಗಂಗೂ, ಅಡಿವೆಪ್ಪನ ಬೆಲ್ಲ ಚಲೋ ಐತಿ, ನಿನ್ನ ಗಂಡ ಚಾದಂಗಡ್ಯಾಗ ಕುಂತಾನ." "ಯವ್ವಾ, ಅಡಿವೆಪ್ಪನ ಬೆಲ್ಲ ಭಾರೀ ಸಿಹಿ, ಈ ಸಲಾನೂ ಮುಟ್ಟು ನಿಂತಿಲ್ಲ." ಹನ್ನೊಂದು ಗಂಟೆ ಮತ್ತೆ ನಮ್ಮದಾಯಿತು. ಮಾತನ್ನು ಬೆಲ್ಲದ ಹಿಂದೆ ಬಚ್ಚಿಟ್ಟು ಕಳಿಸುವುದರಲ್ಲಿ ಒಂದು ಬಗೆಯ ಧೈರ್ಯವೂ ಬರುತ್ತದೆ ಎಂದು ನನಗೆ ಆಗ ಗೊತ್ತಾಯಿತು. ಬರಿಗೈಯಲ್ಲಿ ಹೋಗಿ ಹೇಳಲಾಗದ್ದನ್ನು ಏನಾದರೂ ಕೈಯಲ್ಲಿ ಹಿಡಿದು ಹೋದರೆ ಹೇಳಬಹುದಲ್ಲ, ಹಾಗೆ. ಒಂದು ದಿನ ಅಕ್ಕ ಕೂಗಿದಳು: "ಬಾಳಾ, ಅಡಿವೆಪ್ಪನ ಬೆಲ್ಲ ಚಲೋ ಐತಿ, ಈ ಮನ್ಯಾಗ ನನ್ನ ಹೆಸರು ಹಿಡದು ಯಾರರೆ ಕರದು ಎಂಟು ವರ್ಷಾತು." ಇಪ್ಪತ್ತಾರು ವರ್ಷ ಬದನೆಕಾಯಿಯ ಹಿಂದೆಯೂ ಅವಳು ಆ ಮಾತು ಹೇಳಿರಲಿಲ್ಲ. ನಾನು, "ಕಾಶವ್ವಾ, ಅಡಿವೆಪ್ಪನ ಬೆಲ್ಲ, ಕಾಶವ್ವಾ, ಕಾಶವ್ವಾ, ಕಾಶವ್ವಾ" ಎಂದೆ. 

ದಿನಕ್ಕೆ ಸಾವಿರ ಸಲ ಹೊಗಳಿಸಿಕೊಂಡರೂ ಅಡಿವೆಪ್ಪನ ಬೆಲ್ಲ ಒಂದು ಅಚ್ಚೂ ಹೆಚ್ಚಿಗೆ ಮಾರಲಿಲ್ಲ. ಅವನಿಗೆ ಅನುಮಾನ ಬಂತು. ದುಂಡಪ್ಪನಿಗೆ ಅಂಗೈ ಎತ್ತದೆ ಕೊನೆಯ ಪದದವರೆಗೂ ಹಿಡಿದು ನೋಡಬೇಕೆಂದು ಅಪ್ಪಣೆಯಾಯಿತು. ದುಂಡಪ್ಪ ಪಾಪ, ಒಂದು ವಾರ ಹೆಂಗಸರ ಮಾತು ಪೂರ್ತಿ ಅಂಗೈಯಲ್ಲಿ ಹಿಡಿದು ನಿಂತವನು ಊಟ ಬಿಟ್ಟ, ತನ್ನ ಹೆಂಡತಿಯ ಮುಖ ನೋಡಲು ಹೆದರತೊಡಗಿದ. ಆದರೆ ಕೆಲಸ ಬಿಡಲಿಲ್ಲ. ಬೆಲ್ಲದ ದಾರಿ ಮುಚ್ಚಿತು.

ಆ ದುಂಡಪ್ಪನೇ ಮತ್ತೆ ಒಂದು ಭಾನುವಾರ ನಮ್ಮ ಹೊಸ್ತಿಲೊಳಗೆ ಬಂದ. "ಯವ್ವಾ, ಇನ್ನ ನಾಲ್ವತ್ತು ಕೌದಿ ಬೇಕಂತ. ಹೊಲದು ಕೊಟ್ರ ಸಾವಕಾರ್ರು ನಿನಗ ಒಂದು ಚೀಟಿ ಕೊಡ್ತಾರಂತ. ಕೈಬರಹದ್ದು, ಕಾಯಂ ನಡಿಯೂದು."

"ಗುಡ್ಡಕ್ಕ ಇನ್ನೂ ಥಂಡಿ ಹೋಗಿಲ್ಲೇನು?" ಎಂದೆ.

ಅವನು ಕೈ ಮುಂದೆ ಚಾಚಿದ. ಅವನ ಕೈಯಲ್ಲಿ ಚೀಟಿ ಇತ್ತು, ಹಳದಿ ಕಾಗದ. ತೆಗೆದುಕೊಂಡರೆ ನನ್ನ ಓ ರೆಪ್ಪೆ ಬಡಿಯುವುದರೊಳಗೆ ಅಕ್ಕನನ್ನು ಮುಟ್ಟುತ್ತಿತ್ತು. ಆ ನಲವತ್ತು ಕೌದಿ ಮಾತ್ರ ಇನ್ನಾರದೋ ಅಕ್ಕನ ಮೇಲೆ ಬೀಳುತ್ತಿದ್ದವು. ಎಂಬತ್ತನಾಲ್ಕು ಹೊಲಿಯುವಾಗ ಗೊತ್ತಿರಲಿಲ್ಲ, ಈಗ ಗೊತ್ತಿತ್ತು. "ಸೂಜಿ ಮುರದೈತಿ ಅಂತ ಹೇಳು" ಎಂದೆ. ಅವನು ಹೋದ ಮೇಲೆ ಒಳಗೆ ಬಂದು ಗೋಡೆಗೆ ಒರಗಿ ಕೂತೆ. ನಾನು ಮಾಡಿದ್ದು ಸರಿ ಅನ್ನಿಸಲಿಲ್ಲ, ದೊಡ್ಡಸ್ತಿಕೆ ಅನ್ನಿಸಿತು. ನನ್ನ ದೊಡ್ಡಸ್ತಿಕೆಗೆ ವನಾ ಬೆಲೆ ತೆರಬೇಕಾಗುತ್ತದೇನೋ.

ನಾಲ್ಕನೆಯ ದಿನ ಬೆಳಿಗ್ಗೆ ಹತ್ತಕ್ಕೆ, ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಾಗ ಅಕ್ಕನ ಧ್ವನಿ ಬಂತು. ಎರಡು ದಿನ ಕೌದಿಯೊಳಗಿದ್ದ ಧ್ವನಿ, ಒದ್ದೆ ಬಟ್ಟೆಯಂತಿತ್ತು. "ಬಾಳಾ, ಗುರುವಾರ ಮಧ್ಯಾಹ್ನ ವನಾಗ ಗೊತ್ತು ಮಾಡಾಕ ಬರ್ತಾರಂತ. ಈಗ ಹೇಳಿದ್ರು ನಂಗ. ರೊಟ್ಟಿ ಹಾಕಿ ಕೂಗ್ತೀನಿ. ಹೆಂಗರೆ ಮಾಡಿ ಓ ಅನ್ನು."

ಅವತ್ತೇ ಗುರುವಾರ.

ಬಾಯಿ ತೆರೆದೆ. ಹಾಗೇ ಮುಚ್ಚಿದೆ. ಈಗ ಕೂಗಿದ ಓ ಶನಿವಾರ ಮುಟ್ಟುತ್ತದೆ, ಶನಿವಾರದ ಹೊತ್ತಿಗೆ ವೀಳ್ಯದೆಲೆ ಒಣಗಿರುತ್ತದೆ. ಕೂಗಿ ಉಸಿರು ಕಳೆದುಕೊಳ್ಳಲಿಲ್ಲ. ಬೂದಿ ಹತ್ತಿದ ಕೈ ಸೀರೆಗೆ ಒರೆಸಿಕೊಂಡು ಒಳಗೆ ಬಂದು ಚಪ್ಪಲಿ ಮೆಟ್ಟಿದೆ. "ಎಲ್ಲಿಗಿ?" ಎಂದರು ನಮ್ಮನೆಯವರು. "ನನ್ನ ಮಾತಿಗಿಂತ ಮೊದಲ ಹೋಗಿ ಮುಟ್ತೀನಿ" ಎಂದು ಹೊರಬಿದ್ದೆ.

ಕೊಳ್ಳದ ದಾರಿ ಗುಡ್ಡದ ಬುಡಕ್ಕೇ ಹೋಗುತ್ತದೆ. ಕೌದಿಗಳನ್ನು ನಾನು ಹತ್ತಿರದಿಂದ ನೋಡಿದ್ದು ಅವತ್ತೇ. ನನ್ನ ಹೊಲಿಗೆ, ಗೀರು ಗೀರಾಗಿ, ಒಂದೂ ಬಿಚ್ಚಿರಲಿಲ್ಲ. ಇಷ್ಟು ಗಟ್ಟಿ ಯಾಕೆ ಹೊಲಿದೆನೋ ಎಂದುಕೊಂಡೆ. ಕೆಳಗಿನದೊಂದರ ಮೇಲೆ ಅಂಗೈ ಇಟ್ಟೆ. ಒಳಗೆ ಏನೇನೋ ಮಿಸುಕುತ್ತಿತ್ತು, ನೂರಾರು ಹೆಂಗಸರು ಹೊದ್ದುಕೊಂಡು ಗೊಣಗುತ್ತಿದ್ದಂತೆ. ಕಿತ್ತುಹಾಕಬೇಕೆನಿಸಿತು. ಮೇಲಿನವೆಲ್ಲ ಹತ್ತಾಳು ಎತ್ತರದಲ್ಲಿದ್ದವು. ಕೈಗೆ ಸಿಗುವ ಒಂದನ್ನು ಕಿತ್ತರೆ ಆಗುವುದೇನೂ ಇರಲಿಲ್ಲ, ಮತ್ತು ಅಲ್ಲಿ ಅಕ್ಕ ರೊಟ್ಟಿ ಹಾಕುವ ಹೊತ್ತು ಹತ್ತಿರ ಬರುತ್ತಿತ್ತು. ನಡೆದೆ. ಏರಿನಲ್ಲಿ ಓಡಿದೆ ಕೂಡ, ಈ ವಯಸ್ಸಿನಲ್ಲಿ, ಚಪ್ಪಲಿ ಕೈಯಲ್ಲಿ ಹಿಡಿದು. ಹೊತ್ತು ನೆತ್ತಿಗೆ ಬಂತು, ಇಳಿಯಿತು. ಎಲ್ಲ ಮುಗಿದಿರುತ್ತದೆ ಎಂದು ಗೊತ್ತಿದ್ದೇ ನಡೆದೆ.

ಅಕ್ಕನ ಮನೆ ಮುಟ್ಟಿದಾಗ ನಾಲ್ಕು ಗಂಟೆ. ಪಡಸಾಲೆಯಲ್ಲಿ ಗಂಡಿನ ಕಡೆಯ ಎಂಟು ಜನ ಸಾಲಾಗಿ ಕೂತಿದ್ದರು. ತಾಂಬೂಲದ ತಟ್ಟೆ ಹಾಗೇ ಇತ್ತು. ಹುಡುಗನ ಸೋದರಮಾವ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ಏನವಾ, ನೀನರೆ ಒಳಗ ಹೋಗಿ ಹೇಳು. ಹನ್ನೆರಡಕ್ಕ ಬಂದೇವಿ, ಒಂದು ತುತ್ತು ಕಂಡಿಲ್ಲ. ಆ ರೊಟ್ಟ್ಯಾದ್ರೂ ಎಂಥಾದು?" ಎಂದು ಅಳುವ ಧ್ವನಿಯಲ್ಲಿ ಕೇಳಿದ. ರೊಟ್ಟಿ ತಿರುವಿ ಹಾಕುವತನಕ ಆ ಮನೆಯಲ್ಲಿ ಎಲೆ ಹಾಕುವಂತಿಲ್ಲ.

ಅಡಿಗೆಮನೆಗೆ ಹೋದೆ. ಒಲೆಯ ಸೌದೆಯನ್ನೆಲ್ಲ ಹಿಂದಕ್ಕೆ ಎಳೆದು, ಬೂದಿ ಮುಚ್ಚಿದ ನಾಲ್ಕು ಕೆಂಡ ಮಾತ್ರ ಉಳಿಸಿ ಅಕ್ಕ ಕೂತಿದ್ದಳು. ಹಂಚಿನ ಮೇಲೆ ರೊಟ್ಟಿ. ಕೈಯಲ್ಲಿ ಒದ್ದೆ ಬಟ್ಟೆ. ರೊಟ್ಟಿಯ ಮೇಲಿನ ನೀರು ಎಲ್ಲಿ ಆರತೊಡಗಿತೋ ಅಲ್ಲಿಗೆ ಬಟ್ಟೆ ಅದ್ದಿ ಸವರುತ್ತಿದ್ದಳು. ಆ ಅಂಚು ಆರಿತು, ಸವರಿದಳು. ಈ ಅಂಚು ಆರಿತು, ಸವರಿದಳು. ನಾಲ್ಕು ತಾಸಿನಿಂದ ಸವರುತ್ತಲೇ ಇದ್ದಳು. ನೀರು ಆರುವುದರೊಳಗೆ ಎಂದು ಪದ್ಧತಿ ಹೇಳುತ್ತದೆ; ಎಷ್ಟು ಸಲ ಸವರಬೇಕು ಎಂದು ಯಾರೂ ಹೇಳಿಟ್ಟಿಲ್ಲ. ಪಕ್ಕದಲ್ಲಿ ವನಾ ನೀರಿನ ಕೊಡ ಇಟ್ಟುಕೊಂಡು ನಿಂತಿದ್ದಳು. ಅತ್ತೆ ನಿಂಬೆವ್ವ ಮಣೆಯ ಮೇಲೆ ಕೂತು ರೊಟ್ಟಿಯನ್ನೇ ನೋಡುತ್ತಿದ್ದಳು. ಬಸಲಿಂಗ ಬಾಗಿಲಲ್ಲಿ ನಿಂತು ಹಲ್ಲು ಕಡಿಯುತ್ತಿದ್ದ.

ಅಕ್ಕ ತಲೆ ಎತ್ತಿದಳು. ಅವಳ ಮುಖ ನೋಡಿ ವರ್ಷವಾಗಿತ್ತು. ನಾನು ಬಾಗಿಲುವಾಡ ಹಿಡಿದು ನಿಂತು, ಉಸಿರು ಸಿಕ್ಕಷ್ಟರಲ್ಲಿ, "ಓ" ಎಂದೆ.

"ನಡಿಯೂದಿಲ್ಲ" ಎಂದ ಬಸಲಿಂಗ. "ಬಾಗಲಕ್ಕ ಬಂದು ಓ ಅಂದ್ರ ಅದು ತವರಿನ ಓ ಹೆಂಗಾತು? ಬೀಗರು ಬಂದಂಗಾತು. ಓ ಗುಡ್ಡದಿಂದ ಬರಬೇಕು. ಏನವಾ, ನೀನ ಹೇಳು."

ನಿಂಬೆವ್ವ ಅಡಿಕೆ ಕತ್ತರಿಸುತ್ತ, "ಗುಡ್ಡದಿಂದ ಬರಬೇಕು, ಖರೆ" ಎಂದಳು.

"ಚಿಗವ್ವ ಆರು ತಾಸು ನಡಕೋತ ಬಂದಾಳ್ರಿ ಕಾಕಾ!" ಎಂದಳು ವನಾ.

"ನಡದು ಬಂದದ್ದಕ್ಕ ನೀರು ಕೊಡು, ಬೆಲ್ಲ ಕೊಡು. ಓ ಮಾತ್ರ ಗುಡ್ಡದಿಂದ."

ಕೊಡದಲ್ಲಿ ನೀರು ತಳ ಕಂಡಿತ್ತು. ಅಕ್ಕ ಬಟ್ಟೆಯನ್ನು ಅದ್ದಲಿಲ್ಲ. ನನ್ನ ಮುಖ ನೋಡಿದಳು. ನನ್ನ ಕಾಲಿನ ಧೂಳು ನೋಡಿದಳು, ಕೈಯಲ್ಲಿದ್ದ ಚಪ್ಪಲಿ ನೋಡಿದಳು. ಆಮೇಲೆ ಎದ್ದು, ಸೊಂಟ ನೆಟ್ಟಗೆ ಮಾಡಿಕೊಂಡು, ಹಿತ್ತಲ ಬಾಗಿಲಿಗೆ ಹೋಗಿ ಹೊಸ್ತಿಲ ಹೊರಗೆ ಒಂದು ಕಾಲಿಟ್ಟು ನಿಂತಳು. ತಲೆಯನ್ನು ಗುಡ್ಡದ ಕಡೆ ಓರೆ ಮಾಡಿದಳು. ಪಡಸಾಲೆಯಲ್ಲಿ ಯಾರೋ ಆಕಳಿಸಿದರು.

"ಬಂತು" ಎಂದಳು ಅಕ್ಕ, ಹೊರಗಿನ ಕಾಲು ಒಳಗೆ ತೆಗೆದುಕೊಂಡು.

"ಏನು ಬಂತು?" ಎಂದ ಬಸಲಿಂಗ.

"ಬಾಳಾನ ಓ. ಮೊನ್ನೆ ಕೂಗಿದ್ದಿರಬೇಕು, ಈಗ ಮುಟ್ಟಿತು." ಒಳಗೆ ಬಂದು ಕೂತು, ಎರಡು ಬೆರಳಿನಿಂದ ರೊಟ್ಟಿಯ ಅಂಚು ಹಿಡಿದು ತಿರುವಿ ಹಾಕಿದಳು. ಕೆಳಗಿನ ಮೈ ಇದ್ದಲಿನಂತೆ ಕಪ್ಪಾಗಿತ್ತು. "ಇನ್ನ ನನ್ನ ಮಾತು ಕೇಳ್ರಿ. ಈ ಸಂಬಂಧ ಬ್ಯಾಡ. ನನ್ನ ಮಗಳು ಕಲಿಯೂದು ಮುಗಸ್ತಾಳ."

ಗುಡ್ಡದಿಂದ ಬಂದ ಮಾತು ಯಾರ ಹೆಸರಿಗೆ ಬಂತೋ ಅವರಿಗಷ್ಟೇ ಕೇಳುತ್ತದೆ. ಬಂದಿಲ್ಲ ಎನ್ನಲು ಬಸಲಿಂಗನಿಗೆ ದಾರಿಯೇ ಇರಲಿಲ್ಲ. ಅವನು ನನ್ನ ಕಡೆ ತಿರುಗಿ, "ನೀ ಕೂಗಿದ್ದೇನು?" ಎಂದು ಕೇಳಲು ಬಾಯಿ ತೆರೆಯುವುದರೊಳಗೆ ನಿಂಬೆವ್ವ ಅಡಕೊತ್ತು ಕೆಳಗಿಟ್ಟಳು. ಸೊಸೆಯ ಮುಖವನ್ನು ಬಹಳ ಹೊತ್ತು ನೋಡಿದಳು. ಆ ನೋಟದಲ್ಲಿ ಅನುಮಾನ ಇರಲಿಲ್ಲ, ಹಳೆಯ ಗುರುತು ಇತ್ತು. "ಬಂದಿದ್ರ ಬಂತು ಬಿಡೋ" ಎಂದಳು ಮಗನಿಗೆ. "ನಮಗೂ ಹಿಂಗ ಬರ್ತಿತ್ತು. ಹೋಗಿ ಎಲಿ ಹಾಕು, ಆ ಮಾವ ಸತ್ತಗಿತ್ತಾನು."

ಅವತ್ತು ರಾತ್ರಿ ಅಲ್ಲೇ ಉಳಿದೆ. ಮಾರನೆಯ ದಿನ ಹಿಂತಿರುಗುವಾಗ ದಾರಿಯುದ್ದಕ್ಕೂ ಒಂದೇ ಯೋಚನೆ. ವರ್ಷಗಳ ಹಿಂದೆ ಆ ಮನೆಯವರು ಬಾವಿಯ ಜಾಗ ಮಾರಲು ಹೊರಟಾಗ ಅಕ್ಕ ಅದನ್ನು ತಡೆದಿದ್ದಳು. ಆಮೇಲೆ ನನಗೆ, "ನಿನ್ನ ಓ ಹೊತ್ತಿಗೆ ಸರಿ ಬಂತು ನೋಡು" ಎಂದಿದ್ದಳು. ಆ ವಾರ ನಾನು ಬಾಣಂತಿ ಜ್ವರದಲ್ಲಿ ಮಲಗಿದ್ದೆ. ಜ್ವರದಲ್ಲಿ ಕೂಗಿದ್ದೆನೇನೋ, ನೆನಪಿಲ್ಲ ಎಂದುಕೊಂಡು ಸುಮ್ಮನಾಗಿದ್ದೆ. ಇನ್ನೂ ಎಷ್ಟು ಸಲ ನನ್ನ ಓ ನನಗೇ ಗೊತ್ತಿಲ್ಲದೆ ಅವಳನ್ನು ಮುಟ್ಟಿದೆಯೋ. ನಾನು ಅವಳ ತವರು ಎಂದುಕೊಂಡು ಬೀಗುತ್ತಿದ್ದೆ. ಅವಳು ತನ್ನ ತವರನ್ನು ತನ್ನ ಕಿವಿಯಲ್ಲೇ ಇಟ್ಟುಕೊಂಡು ಬದುಕಿದ್ದಳು.

ಕೊಳ್ಳದ ಆಚೆ ಸುದ್ದಿ ಹೇಗೆ ಹಬ್ಬಿತೋ ತಿಳಿಯದು. ಅಲ್ಲಿ ಈಗ ಎಲ್ಲ ಸೊಸೆಯರಿಗೂ ಓ ಹೊತ್ತಿಗೆ ಸರಿಯಾಗಿ ಬರುತ್ತದಂತೆ, ಕೆಲವರಿಗೆ ರೊಟ್ಟಿ ತಟ್ಟುವ ಮೊದಲೇ. ಗಂಡಸರು ಹೋಗಿ ಅಡಿವೆಪ್ಪನನ್ನು ಕೇಳಿದರೆ ಅವನು ಮೀಸೆ ತಿರುವಿ, "ನನ್ನ ಗುಡ್ಡ ಅಂದ್ರ ಸುಮ್ನ ಅಲ್ರಿ. ಕೌದಿಯೊಳಗಿಂದಾನೂ ಹೆಂಗ ಓಡತೈತಿ ನೋಡ್ರಿ!" ಎಂದನಂತೆ. ಹಾಗೆಂದ ಮೇಲೆ ಆ ಓ ತನ್ನ ಗುಡ್ಡದ್ದಲ್ಲ ಎನ್ನಲು ಅವನಿಗೂ ಬಾಯಿಲ್ಲ. ಕೌದಿಗಳು ಇನ್ನೂ ಅಲ್ಲೇ ಇವೆ. ಅಕ್ಕೋರು ಮನೆಮನೆಯ ಹೊಸ್ತಿಲೊಳಗೆ ಹೋಗಿ ಇನ್ನೊಂದು ಸಭೆಗೆ ಜನ ಸೇರಿಸುತ್ತಿದ್ದಾರೆ. ಬಿಚ್ಚುವ ದಿನ ಬಂದರೆ ಯಾವ ದಾರ ಮೊದಲು ಎಳೆಯಬೇಕೆಂದು ನನಗೊಬ್ಬಳಿಗೇ ಗೊತ್ತು ಎಂದು ಅವರಿಗೆ ಹೇಳಿದ್ದೇನೆ.

ಮನೆಗೆ ಮರಳಿದ ಮರುದಿನ, ಆ ಶನಿವಾರ, ಅಡಿಗೆ ಇಳಿಸಿ ಹನ್ನೊಂದು ಗಂಟೆಗೆ ಹಿತ್ತಲ ಬಾಗಿಲಿಗೆ ಬಂದೆ. ಗುಡ್ಡದ ಕಡೆ ನೋಡುತ್ತ ನಿಂತೆ. ಅಕ್ಕ ಆಡಿದ್ದು ಸುಳ್ಳಾಗಿ ಉಳಿಯುವುದು ನನಗೆ ಬೇಡವಾಗಿತ್ತು. "ಕಾಶವ್ವಾ, ಓ" ಎಂದು ಎದೆತುಂಬ ಕೂಗಿದೆ. ಗುರುವಾರ ಅವಳು ಕೇಳಿಸಿಕೊಂಡದ್ದು ಸೋಮವಾರ ಅವಳನ್ನು ಮುಟ್ಟುತ್ತದೆ.